ನಾಲ್ಕೂ ಪಚ್ಚೆ

ಕಾಸರಗೋಡಿನ ನಮ್ಮ ಮನೆಯಲ್ಲಿ ಇಂಟರ್ನೆಟ್ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಅಪ್ಪ. ಯಕ್ಷಗಾನದ ನೇರಪ್ರಸಾರ ಕಂಡರೆ ಇದೆ, ಕಾಣದಿದ್ದರೆ ಇಲ್ಲ. ಮೊನ್ನೆ ಶನಿವಾರ ರಾತ್ರಿ ಕಾಣಲಿಲ್ಲ. ಊಟ ಮುಗಿಸಿ, ಎಲೆಅಡಿಕೆ ಬಾಯಿಗೆ ಹಾಕಿ, ಲ್ಯಾಪ್‌ಟಾಪಿಗೆ ಜೋಡಿಸಿದ ಟಿವಿಯ ಎದುರು ಕಾಲು ನೀಡಿ ಕುಳಿತವರಿಗೆ ಸಿಕ್ಕಿದ್ದು ಬರೀ ಬಿಳಿ ಪರದೆ.

"ಲ್ಯಾಪ್‌ಟಾಪಿಗೆ ನೀನು ಆ ಲಿನಕ್ಸ್ ಹಾಕಿದ ಮೇಲೆಯೇ ಇದೆಲ್ಲ" ಎಂದರು. ವಿಂಡೋಸಿನ ಬದಲಿಗೆ ಅದನ್ನು ಹಾಕಿ ಮೂರು ವರ್ಷವಾಯಿತು. ಈ ನಡುವೆ ತೋಟದ ಪಂಪು ಸುಟ್ಟುಹೋದಾಗಲೂ ಅವರು ಲ್ಯಾಪ್‌ಟಾಪಿನ ಕಡೆಗೊಮ್ಮೆ ನೋಡಿದ್ದುಂಟು.

ಟರ್ಮಿನಲ್ ತೆರೆದು 8.8.8.8ಕ್ಕೆ ಪಿಂಗ್ ಮಾಡಿದೆ. ಗೂಗಲಿನ ಸರ್ವರ್ ತಪ್ಪದೆ ಓಗೊಟ್ಟಿತು. ಹೆಸರು ಹಿಡಿದು ಕರೆದರೆ ಮಾತ್ರ ಯಾರದ್ದೂ ಸುದ್ದಿಯಿಲ್ಲ. ಎಂದರೆ ತಂತಿ ಸರಿಯಾಗಿದೆ, ದಾರಿ ಸರಿಯಾಗಿದೆ. ಹೆಸರು ಕೇಳಿ ಸಂಖ್ಯೆ ಹೇಳಬೇಕಾದ ಡಿಎನ್‌ಎಸ್ ಮಲಗಿದೆ. ಕಂಪನಿಯ ಗ್ರಾಹಕ ಸೇವೆಗೆ ಫೋನು ಮಾಡಿದೆ. ಬದಿಯಡ್ಕಕ್ಕೆ ಟಿಕೆಟು ಕೇಳಲು ಸಾಕಾಗುವ ನನ್ನ ಮಲಯಾಳ ಡಿಎನ್‌ಎಸ್ ಮಟ್ಟಕ್ಕೆ ಏರಲಿಲ್ಲ. ಫೋನೆತ್ತಿದಾಕೆ ವಿಂಡೋಸಿನಲ್ಲಿ ಎಲ್ಲಿ ಒತ್ತಬೇಕೆಂದು ಹೇಳತೊಡಗಿದಾಗ, ನಮ್ಮಲ್ಲಿರುವುದು ಲಿನಕ್ಸ್ ಎಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, ಅದು ಯಾವ ಕಂಪನಿಯ ರೂಟರ್ ಎಂದು ಕೇಳಿದಳು.

ಇಟಿಸಿ ಫೋಲ್ಡರಿನೊಳಗೆ ರಿಸಾಲ್ವ್.ಕಾನ್ಫ್ ಎಂಬ ಕಡತವಿದೆ. ಹೆಸರು ಯಾರಲ್ಲಿ ಕೇಳಬೇಕೆಂದು ಯಂತ್ರ ತಿಳಿದುಕೊಳ್ಳುವುದು ಅದನ್ನು ನೋಡಿ. ತೆರೆದರೆ ಅಲ್ಲಿದ್ದ ವಿಳಾಸ 127.0.0.53, ಅಂದರೆ ನನ್ನದೇ ಲ್ಯಾಪ್‌ಟಾಪು. ದಾರಿ ತಪ್ಪಿದವನು ಕನ್ನಡಿಯ ಮುಂದೆ ನಿಂತು ದಾರಿ ಕೇಳಿದ ಹಾಗೆ. ಒಳಗೆ ಕುಳಿತ ಸಿಸ್ಟಮ್‌ಡಿ-ರಿಸಾಲ್ವ್ಡ್ ಎಂಬ ಮಧ್ಯವರ್ತಿ ಪ್ರಶ್ನೆಯನ್ನು ರೂಟರಿಗೆ ದಾಟಿಸುತ್ತದೆ, ರೂಟರು ಕಂಪನಿಗೆ ದಾಟಿಸುತ್ತದೆ, ಕಂಪನಿ ಮಲಗಿದೆ. ಇದನ್ನು ತಿದ್ದಬೇಡಿ ಎಂದು ಕಡತದ ತಲೆಯಲ್ಲೇ ಬರೆದಿತ್ತು. ತಿದ್ದಿದೆ. ಗೂಗಲಿನ ಡಿಎನ್‌ಎಸ್ ವಿಳಾಸ 8.8.8.8 ಎಂದು ಬರೆದೆ. ಟಿವಿಯಲ್ಲಿ ಚೆಂಡೆ ಕೇಳಿತು.

ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ. ಕರೆಂಟು ಬಂದಾಗ ಕಡತದಲ್ಲಿ ಮತ್ತೆ 127.0.0.53. ಪುನಃ ತಿದ್ದಿದೆ, ಪುನಃ ಕರೆಂಟು ಹೋಯಿತು. ಮೂರನೆಯ ಸಲಕ್ಕೆ ಅಪ್ಪ ಎದ್ದುಹೋಗಿ ಮಲಗಿದರು. ನಾನು ತಿದ್ದುತ್ತಿದ್ದ ಕಡತ ನಿಜಕ್ಕೂ ಡಿಸ್ಕಿನಲ್ಲಿರಲಿಲ್ಲ. ಅದು ಮೆಮೊರಿಯಲ್ಲಿ ಪ್ರತಿಸಲ ಹೊಸದಾಗಿ ಹುಟ್ಟುವಂಥದ್ದು. ಎಷ್ಟು ತಿದ್ದಿದರೂ ಹಳೆಯದೇ.

ಮೈಸೂರಿನ ನಮ್ಮ ದೊಡ್ಡತ್ತೆಯೂ ಹಾಗೆಯೇ. ಈಗಲೂ ಕಾರ್ಡು ಬರೆಯುವಾಗ "ಕಾಸರಗೋಡು ತಾಲೂಕು, ದ.ಕ." ಎಂದೇ ಬರೆಯುತ್ತಾರೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು, 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾದದ್ದು ಅವರಿಗೆ ತಿಳಿಯದ್ದಲ್ಲ. ಹೇಳಿದರೆ ತಲೆಯಾಡಿಸುತ್ತಾರೆ, ಮುಂದಿನ ಕಾರ್ಡಿನಲ್ಲಿ ಮತ್ತೆ ದ.ಕ. ಆದರೂ ಕಾರ್ಡು ತಲುಪುತ್ತದೆ, ಕೆಳಗಿನ 671ರ ಪಿನ್‌ಕೋಡಿನ ಪುಣ್ಯದಿಂದ. ಆ ಕಡತದ ಮೇಲೆ ಬಂದಷ್ಟು ಸಿಟ್ಟು ನನಗೆ ದೊಡ್ಡತ್ತೆಯ ಮೇಲೆ ಯಾವತ್ತೂ ಬಂದಿಲ್ಲ.

ಭಾನುವಾರ ಬೆಳಿಗ್ಗೆ ಕೇಬಲಿನ ಹುಡುಗ ಬಂದ. ಚಪ್ಪಲಿ ಕಳಚಿ, ರೂಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಪ್ರಶ್ನೆ ಇಡುವ ಜೋಯಿಸರು ಕವಡೆ ಎಣಿಸುವಂತೆ ದೀಪಗಳನ್ನು ಬೆರಳು ಮಡಚಿ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. "ನಾಲ್ಕೂ ಪಚ್ಚೆ" ಎಂದ. ಡಿಎನ್‌ಎಸ್ ಎಂದೆ. ಮತ್ತೆ ಎಣಿಸಿದ. ಪ್ಲಗ್ ಕಿತ್ತು, ಮಾಡಿನ ಹಂಚು ನೋಡುತ್ತಾ ಮೂವತ್ತರವರೆಗೆ ಮನಸ್ಸಿನಲ್ಲೇ ಎಣಿಸಿ ಸಿಕ್ಕಿಸಿದ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಒಂದು, ಎರಡು, ಮೂರು... ನಾಲ್ಕನೆಯದು ಸ್ವಲ್ಪ ಆಟವಾಡಿಸಿ ಹೊತ್ತಿಕೊಂಡಿತು. "ಪಚ್ಚೆ!" ಲ್ಯಾಪ್‌ಟಾಪು ಮಾತ್ರ ಬಿಳಿ. ಅವನು ತನ್ನ ಮೊಬೈಲಿನಲ್ಲಿ ವಿಡಿಯೊ ಹಾಕಿ ತೋರಿಸಿದ. ನೋಡಿದರೆ ಆ ಮೊಬೈಲು ನಮ್ಮ ವೈಫೈಗೆ ಸೇರಿಯೇ ಇರಲಿಲ್ಲ.

"ಕೆಂಪಾದರೆ ನನ್ನ ಕೆಲಸ ಅಣ್ಣಾ, ಪಚ್ಚೆಯಾದರೆ ನಾನು ಏನು ಮಾಡುವುದು?" ಎಂದ. ಅದೂ ನ್ಯಾಯವೇ. ಕಳೆದ ಆಟಿಯಲ್ಲಿ ಅಡಿಕೆ ಸೋಗೆ ಬಿದ್ದು ಫೈಬರ್ ತುಂಡಾದಾಗ, ಸುರಿವ ಮಳೆಯಲ್ಲಿ ಕೊಡೆಯಡಿ ಕುಳಿತು ಕೂದಲೆಳೆಯಂಥ ಗಾಜನ್ನು ಜೋಡಿಸಿದವನು ಇವನೇ. ಚಹಾ ಕುಡಿದು ಹೋದ.

ಅವನ ಬೈಕಿನ ಸದ್ದು ಗುಡ್ಡ ಇಳಿಯುವಾಗ ನಾನು ನೆಟ್‌ವರ್ಕ್ ಸೆಟ್ಟಿಂಗ್ ತೆರೆದು, ಸ್ವಯಂಚಾಲಿತ ಡಿಎನ್‌ಎಸ್ ಆಫ್ ಮಾಡಿ, ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಮತ್ತು ಗೂಗಲಿನ 8.8.8.8 ಎಂದು ಬರೆದು, ಸಂಪರ್ಕವನ್ನು ಕಡಿದು ಜೋಡಿಸಿದೆ. ಮೊದಲೇ ಅಲ್ಲಿ ಬರೆಯಬೇಕಿತ್ತು. ಆಮೇಲೆ ಎರಡು ಸಲ ಕರೆಂಟು ಹೋದರೂ ಬರೆದದ್ದು ಅಳಿಯಲಿಲ್ಲ.

ರಾತ್ರಿ ಯಕ್ಷಗಾನದ ಆಟದ ನಡುವೆ ಅಪ್ಪ ಫೋನು ಹಿಡಿದು ಕೇಬಲಿನ ಹುಡುಗನಿಗೆ, "ನೀನು ಬಂದು ಹೋದ ಮೇಲೆ ಸರಿಯಾಯಿತು, ಮಾರಾಯ" ಎನ್ನುತ್ತಿದ್ದರು. ಆ ಕಡೆಯಿಂದ ಏನು ಉತ್ತರ ಬಂತೋ, ಅಪ್ಪ ಎದ್ದು ರೂಟರಿನ ಹತ್ತಿರ ಹೋಗಿ ಬಗ್ಗಿದರು.

"ಹೌದು, ನಾಲ್ಕೂ ಪಚ್ಚೆ."