ಎರೆಭೂತದ ವೇಷ ಬಾಡಿಗೆಗೆ ಇಲ್ಲ

ಮಗಳ ಶಾಲೆಯಿಂದ ವಾಟ್ಸಾಪಿನಲ್ಲಿ ಅಪ್ಪಣೆ ಬಂತು. ವನ್ಯಜೀವಿ ಸಪ್ತಾಹದ ಪ್ರಯುಕ್ತ ಶನಿವಾರ ಎಲ್ಲ ಮಕ್ಕಳೂ 'ಅಳಿವಿನಂಚಿನ ಪ್ರಾಣಿ'ಯ ವೇಷದಲ್ಲಿ ಬರತಕ್ಕದ್ದು. ಹತ್ತು ನಿಮಿಷ ಕಳೆಯುವುದರೊಳಗೆ ಪೋಷಕರ ಗುಂಪಿನಲ್ಲಿ ಹನ್ನೊಂದು ಹುಲಿ ಬುಕ್ ಆಗಿದ್ದವು. ದೇಶದಲ್ಲಿ ಹುಲಿ ಹೆಚ್ಚಾಗಿದೆ ಎಂದು ಸರ್ಕಾರ ಹೇಳಿದಾಗ ಸುಮ್ಮನೆ ಅನುಮಾನಪಟ್ಟಿದ್ದೆ. ಎರಡನೇ ತರಗತಿ 'ಬಿ' ಸೆಕ್ಷನ್ ಒಂದರಲ್ಲೇ ಹನ್ನೊಂದು!

ನನ್ನ ಮಗಳಿಗೆ ಎರೆಭೂತ ಆಗಬೇಕಂತೆ. ತಪ್ಪು ನನ್ನದೇ. ದಾವಣಗೆರೆಯಿಂದ ಹುಬ್ಬಳ್ಳಿಗೆ ಹೋಗುವಾಗ ರಾಣೆಬೆನ್ನೂರು ದಾಟುವ ಹೊತ್ತಿಗೆ ಅವಳನ್ನು ಮೊಬೈಲಿನಿಂದ ಬಿಡಿಸಲು ಈ ಹಕ್ಕಿಯ ಕಥೆ ಹೇಳಿದ್ದೆ. ಎರೆ ಭೂಮಿಯ ಹುಲ್ಲಿನ ನಡುವೆ ನಿಂತರೆ ಒಂದು ಮೀಟರ್ ಎತ್ತರ, ಗಂಡಾದರೆ ಹದಿನೈದು ಕಿಲೋವರೆಗೂ ತೂಕ, ಹೆಣ್ಣನ್ನು ಕರೆಯುವಾಗ ಕತ್ತಿನ ಚೀಲ ಉಬ್ಬಿಸಿಕೊಂಡು ಗುಮ್ಮೆಂದು ಸದ್ದು ಮಾಡುತ್ತದೆ ಎಂದೆಲ್ಲ. ಮಕ್ಕಳ ಮುಂದೆ ಜಾಣತನ ತೋರಿಸಬಾರದು.

ಬಾಡಿಗೆ ಡ್ರೆಸ್ ಅಂಗಡಿಯವನು ನನ್ನನ್ನು ಕನಿಕರದಿಂದ ನೋಡಿದ. "ಹುಲಿ ಎಲ್ಲಾ ಹೋದ್ವು ಸಾರ್. ಸಿಂಹ ಐತೆ, ಮೊಲ ಐತೆ, ಸ್ಪೈಡರ್‌ಮ್ಯಾನ್ ಐತೆ."

"ಎರೆಭೂತ ಇದೆಯಾ?"

"ಭೂತ ಐತೆ ಸಾರ್. ಬಿಳೀದು ಬೇಕಾ, ಕರೀದು ಬೇಕಾ?"

ಹಕ್ಕಿ ಕಣಪ್ಪಾ ಎಂದು ಫೋಟೋ ತೋರಿಸಿದೆ. ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, "ಟರ್ಕಿ ಕೋಳಿ ಇದ್ದಂಗೈತೆ, ಇದನ್ನ ಯಾರು ಹಾಕ್ಕಂತಾರೆ ಸಾರ್? ನವಿಲು ತಗಳ್ಳಿ, ಸ್ಟೇಜ್ ಮೇಲೆ ಎದ್ದು ಕಾಣ್ತದೆ" ಅಂದ.

ಅವನಿಗೆ ಗೊತ್ತಿಲ್ಲದೆಯೇ ಅವನು ಹೇಳಿದ್ದು ದೇಶದ ಹಳೆಯ ತೀರ್ಮಾನವನ್ನೇ. ರಾಷ್ಟ್ರಪಕ್ಷಿಯ ಆಯ್ಕೆ ನಡೆದಾಗ ಪಕ್ಷಿತಜ್ಞ ಸಲೀಂ ಅಲಿ ಈ ಹಕ್ಕಿಯ ಪರ ನಿಂತಿದ್ದರು. ಬರೀ ನಮ್ಮ ಉಪಖಂಡದ್ದು, ಆಗಲೇ ಕಡಿಮೆಯಾಗುತ್ತಿದೆ, ಪಟ್ಟ ಕಟ್ಟಿದರೆ ಬದುಕೀತು ಎಂಬ ಲೆಕ್ಕ. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು. ಇದರ ಇಂಗ್ಲಿಷ್ ಹೆಸರು ಬಸ್ಟರ್ಡ್; ಅಚ್ಚುಮನೆಯವನು ಒಂದು ಅಕ್ಷರ ತಪ್ಪಿದರೆ ರಾಷ್ಟ್ರಪಕ್ಷಿ ಬೈಗುಳವಾಗಿಬಿಡುತ್ತದೆ ಎಂಬ ಭಯವೂ ಕಾರಣವಂತೆ ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಕರಡು ತಿದ್ದುವವನ ಮೇಲೆ ನಂಬಿಕೆಯಿಲ್ಲದೆ ಒಂದು ಜೀವಸಂಕುಲ ಪಟ್ಟ ಕಳೆದುಕೊಂಡ ಉದಾಹರಣೆ ಪ್ರಪಂಚದಲ್ಲಿ ಬೇರೆ ಇರಲಾರದು. ಕನ್ನಡದಲ್ಲಿ ಆ ತಾಪತ್ರಯವೇ ಇಲ್ಲ. ಅಚ್ಚಿನ ತಪ್ಪಿಗೆ ಕಾಯದೆ ನಾವೇ ಮೊದಲು ಭೂತ ಎಂದು ಕರೆದು ಮುಗಿಸಿದ್ದೇವೆ.

ಅದಕ್ಕೇನು ಮಾಡಲೇ ಇಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವನ್ನೇ ಮಾಡಿದೆವು. ಕೃಷ್ಣಮೃಗಕ್ಕೆ, ಜೊತೆಗೆ ಎರೆಭೂತಕ್ಕೆ. ಬಯಲು ಬಯಲಾಗಿ ಬಿದ್ದಿದ್ದನ್ನು ಕಂಡು ಯಾರಿಗೋ ಕರುಳು ಚುರುಕ್ ಎಂದಿರಬೇಕು, ಆ ನೆಲದ ತುಂಬ ನೀಲಗಿರಿ ನೆಟ್ಟಿದ್ದೂ ನಾವೇ. ಬಯಲಿನಲ್ಲಿ ಓಡಾಡಿ ಮಿಡತೆ ಹೆಕ್ಕುವ, ದೂರದಿಂದಲೇ ಶತ್ರುವನ್ನು ಕಾಣಬೇಕಾದ ಹಕ್ಕಿಗೆ ನೆರಳಿನ ವ್ಯವಸ್ಥೆ! ಮೀನಿಗೆ ಕಂಬಳಿ ಹೊದಿಸಿದ ಹಾಗೆ. ಕೃಷ್ಣಮೃಗ ಹೇಗೋ ಸುಧಾರಿಸಿಕೊಂಡಿತು. ಎರೆಭೂತ ಈಗ ಅಲ್ಲಿನ ಹಳಬರ ಮಾತಿನಲ್ಲಿ ಮಾತ್ರ ಸಿಗುತ್ತದೆ.

ಸೊಲ್ಲಾಪುರದ ಕಡೆಯದು ಇನ್ನೂ ಉದಾರ ಮನಸ್ಸು. 1979ರಲ್ಲಿ ಈ ಹಕ್ಕಿಗೆಂದು ಘೋಷಿಸಿದ ಅಭಯಾರಣ್ಯ ಸುಮಾರು 8,496 ಚದರ ಕಿಲೋಮೀಟರ್. ಊರು, ಹೆದ್ದಾರಿ, ಜೋಳದ ಹೊಲ, ಸಂತೆ ಎಲ್ಲ ಅದರ ಹೊಟ್ಟೆಯೊಳಗೆ. ಚಹಾ ಅಂಗಡಿಯಲ್ಲಿ ಕೂತು ಬೀಡಿ ಸೇದುವವನೂ ಕಾಗದದ ಮೇಲೆ ಅಭಯಾರಣ್ಯವಾಸಿ. ಆಮೇಲೆ ಜನ ಬೊಬ್ಬೆ ಹಾಕಿ, ಅದು ಸವೆದು ಸವೆದು ಸಾವಿರದ ಚಿಲ್ಲರೆಗೆ ಬಂತು.

ಮಧ್ಯಪ್ರದೇಶದ ಕರೇರಾದ್ದು ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು. ಶಿವಪುರಿ ಜಿಲ್ಲೆಯ ಈ ಜಾಗ 1981ರಲ್ಲಿ ಎರೆಭೂತದ ಅಭಯಾರಣ್ಯವಾಯಿತು. ತೊಂಬತ್ತರ ದಶಕದ ನಡುವಿಗೆ ಹಕ್ಕಿ ಕಾಣೆ. ಅಭಯಾರಣ್ಯ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಇಲ್ಲದ ಹಕ್ಕಿಯ ನೆಮ್ಮದಿಗೆ ಭಂಗ ಬರಬಾರದೆಂದು ಅಲ್ಲಿನ ರೈತರು ಸ್ವಂತ ಹೊಲವನ್ನೇ ಮಾರಲಾಗದೆ ಕಾಲು ಶತಮಾನ ಕಾದರು. 2022ರಲ್ಲಿ ಅಧಿಸೂಚನೆ ರದ್ದಾಯಿತು. ಅದೇ ವರ್ಷ ಪಕ್ಕದ ಜಿಲ್ಲೆಯ ಕುನೋಗೆ ನಮೀಬಿಯಾದಿಂದ ಎಂಟು ಚೀತಾ ವಿಮಾನದಲ್ಲಿ ಬಂದಿಳಿದವು. ನಮ್ಮ ಚೀತಾ ಅಳಿದುಹೋಯಿತೆಂದು ನಾವೇ ಬರೆದುಕೊಂಡಿದ್ದು 1952ರಲ್ಲಿ. ಅಂದರೆ ಎರೆಭೂತ ಹೆದರುವ ಅಗತ್ಯವಿಲ್ಲ. ಪೂರ್ತಿ ಮುಗಿದು ಎಪ್ಪತ್ತು ವರ್ಷವಾಗಲಿ, ವಿಮಾನ ಕಳಿಸುತ್ತೇವೆ. ಎಲ್ಲಿಗೆ ಕಳಿಸುವುದು ಎಂಬುದೊಂದೇ ತೊಡಕು. ಚೀತಾ ಆಫ್ರಿಕದಲ್ಲಾದರೂ ಇತ್ತು.

ಈಗ ಇವು ಉಳಿದಿರುವುದು ಹೆಚ್ಚುಕಡಿಮೆ ರಾಜಸ್ಥಾನದ ಜೈಸಲ್ಮೇರ್ ಸುತ್ತ. ಕಾಡಿನದ್ದನ್ನೆಲ್ಲ ಸೇರಿಸಿದರೂ ನೂರೈವತ್ತು ದಾಟದು ಎಂಬುದು ಕೆಲವು ವರ್ಷಗಳಿಂದ ಕೇಳಿಬರುವ ಅಂದಾಜು. ನಮ್ಮ ಸಿರುಗುಪ್ಪದ ಹೊಲಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಂಡವರಿದ್ದಾರೆ, ಎಣಿಸಲು ಬೆರಳೇ ಸಾಕು. ಈ ಹಕ್ಕಿಗೆ ಕಣ್ಣು ತಲೆಯ ಇಕ್ಕೆಲದಲ್ಲಿ. ನೇರ ಎದುರಿಗಿರುವುದು ಸರಿಯಾಗಿ ಕಾಣದು. ಮೈಭಾರ ಬೇರೆ. ಕರೆಂಟಿನ ತಂತಿ ಗೊತ್ತಾಗುವ ಹೊತ್ತಿಗೆ ತಿರುಗಿಕೊಳ್ಳಲು ಹೊತ್ತು ಮೀರಿರುತ್ತದೆ. ತಂತಿಯನ್ನು ನೆಲದಡಿ ಹಾಕಿ ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಗದ ಮಾತು ಸ್ವಾಮಿ, ಅದು ಸೌರವಿದ್ಯುತ್ತು, ಭೂಮಿ ಉಳಿಸುವ ಕೆಲಸ ಎಂದು ಸರ್ಕಾರವೇ ಹೋಗಿ ಕೈಮುಗಿಯಿತು. 2024ರಲ್ಲಿ ಆದೇಶ ಸಡಿಲವಾಗಿ ತಜ್ಞರ ಸಮಿತಿ ಬಂತು. ಹಕ್ಕಿ ಇಡುವುದು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಸಮಿತಿಗೆ ಆ ಮಿತಿ ಇಲ್ಲ.

ಹುಲಿಯನ್ನು ಕೊಂದರೆ ಹಿಡಿಯಲು ಒಬ್ಬ ಕಳ್ಳನಾದರೂ ಇರುತ್ತಾನೆ. ಇಲ್ಲಿ ಯಾರನ್ನು ಹಿಡಿಯುತ್ತೀರಿ? ಗಿಡ ನೆಟ್ಟವನನ್ನೋ, ಕಾಲುವೆ ತಂದವನನ್ನೋ, ಬಿಸಿಲಲ್ಲಿ ಕರೆಂಟು ಮಾಡಿದವನನ್ನೋ? ಎಲ್ಲರದೂ ಪುಣ್ಯದ ಕೆಲಸವೇ. ಹುಲ್ಲುಗಾವಲು ಎಂಬುದೊಂದು ಇದೆ, ಅದೂ ಕಾಡಿನಷ್ಟೇ ಹಳೆಯದು, ಅಲ್ಲೂ ಸಂಸಾರ ಮಾಡುವ ಜೀವಗಳಿವೆ ಎಂದು ಒಪ್ಪಲು ನಮಗೆ ಏನು ರೋಗ? ಪಹಣಿಯಲ್ಲಿ ಅದು ಬೀಳು, ಖರಾಬು. ದಿಲ್ಲಿಯ ನಕಾಶೆಯಲ್ಲಿ ಬಂಜರು. ಬಂಜರು ಎಂದು ಬರೆದ ಮೇಲೆ ಅಲ್ಲಿ ಏನು ಮಾಡಿದರೂ ಉದ್ಧಾರವೇ. ಅಲ್ಲಿ ಕುರಿ ಮೇಯಿಸುವವನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ. ಕೇಳಲಿಲ್ಲ. ಕೇಳುವುದೂ ಇಲ್ಲ. ಜೂನ್ ಬಂದರೆ ಮತ್ತೆ ಗುಂಡಿ ತೋಡುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಬರೆದು ಬರೆದು ನನಗೂ ಸಾಕಾಗಿದೆ.

ಇರಲಿ, ವೇಷದ ವಿಷಯ ಅರ್ಧಕ್ಕೇ ಬಿಟ್ಟೆ. ಅಮ್ಮನ ಹಳೆಯ ಕಂದು ಶಾಲು, ಬಿಳಿ ಲಂಗ, ತಲೆಗೆ ಕರಿ ಟೋಪಿ ಸೇರಿಸಿ ಮನೆಯಲ್ಲೇ ಒಂದು ಎರೆಭೂತ ತಯಾರಿಸಿದೆವು. ಶುಕ್ರವಾರ ಮಗಳು ಹೆಸರು ಬರೆಸಲು ಹೋದಳು. ಸಂಜೆ ಡೈರಿಯಲ್ಲಿ ಕೆಂಪು ಶಾಯಿಯ ಸೂಚನೆ: "ದಯವಿಟ್ಟು ದೆವ್ವ, ಭೂತದ ವೇಷ ಬೇಡ. ಚಿಕ್ಕ ಮಕ್ಕಳು ಹೆದರುತ್ತಾರೆ."

ಓಡಿದೆ ಅಂಗಡಿಗೆ. ನವಿಲು ಸಿಕ್ಕಿತು. ಅದು ಅಳಿವಿನಂಚಿನಲ್ಲಿಲ್ಲ, ನಮ್ಮೂರ ಕಡೆ ಶೇಂಗಾ ಹೊಲಕ್ಕೆ ಹಿಂಡುಹಿಂಡಾಗಿ ಬೀಳುತ್ತದೆ ಎಂದು ನಾನು ಯಾರಿಗೂ ಹೇಳಲು ಹೋಗಲಿಲ್ಲ. ಮಗಳಿಗೆ ಸಮಾಧಾನಕರ ಬಹುಮಾನ ಬಂತು, ಮೊದಲ ಮೂರೂ ಹುಲಿಗಳ ಪಾಲಾದವು.

ಸೋಮವಾರ ವೇಷ ವಾಪಸು ಕೊಟ್ಟೆ. ಅಂಗಡಿಯವನು ಗರಿಗಳನ್ನು ಒಂದೊಂದಾಗಿ ಎಣಿಸಿದ. ಸಮಾಧಾನವಾಗದೆ ಮೊದಲಿನಿಂದ ಇನ್ನೊಮ್ಮೆ ಎಣಿಸಿದ.

"ಮೂರು ಕಮ್ಮಿ ಐತೆ ಸಾರ್" ಎಂದು ಅಡ್ವಾನ್ಸಿನಲ್ಲಿ ಅರವತ್ತು ರೂಪಾಯಿ ಹಿಡಿದುಕೊಂಡ.