ಸ್ಪಷ್ಟನೆ: ಕವಿ ಸಿದ್ಧಲಿಂಗಯ್ಯ ಬೇರೆ, ನಿರ್ದೇಶಕ ಸಿದ್ಧಲಿಂಗಯ್ಯ ಬೇರೆ

'ಬಂಗಾರದ ಮನುಷ್ಯ ನಿರ್ದೇಶಿಸಿದ ಸಿದ್ಧಲಿಂಗಯ್ಯನವರೇ ಮುಂದೆ ದಲಿತ ಕವಿಯಾದರು' ಎಂಬ ಸಂದೇಶ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಹೆಸರು ಒಂದೇ, ಆದರೆ ಇವರು ಇಬ್ಬರು.

1972ರ ಆ ಸಿನಿಮಾ ಮಾಡಿದ ನಿರ್ದೇಶಕರು 2015ರಲ್ಲಿ ತೀರಿಕೊಂಡರು. ನಟ ಮುರಳಿ ಈ ನಿರ್ದೇಶಕರ ಮಗ.

ಕವಿ ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಚಿಕ್ಕಂದಿನಲ್ಲಿ ಕಂಡ ಒಂದು ದೃಶ್ಯವನ್ನು ಅವರು ತಮ್ಮ ಆತ್ಮಕಥೆ 'ಊರು ಕೇರಿ'ಯಲ್ಲಿ ಬರೆದಿದ್ದಾರೆ. ಜಮೀನ್ದಾರರ ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು, ಹೆಗಲ ಮೇಲೆ ನೊಗ. ಅವರಲ್ಲೊಬ್ಬರು ಕವಿಯ ಅಪ್ಪ. ಇದನ್ನು ಓದಿದವರು ಈ ಕವಿಯನ್ನು ಇನ್ನೊಬ್ಬರ ಜೊತೆ ಬೆರೆಸುವುದು ಕಷ್ಟ, ಅಲ್ವಾ?

1975ರಲ್ಲಿ ಅವರ ಕವನ ಸಂಕಲನ 'ಹೊಲೆಮಾದಿಗರ ಹಾಡು' ಬಂತು. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಅವರೂ ಒಬ್ಬರು. ಮೆರವಣಿಗೆಗಳಲ್ಲಿ ಜನ ಅವರ ಪದ್ಯಗಳನ್ನೇ ಹಾಡಿದರು. 'ಯಾರಿಗೆ ಬಂತು, ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ' ಎಂದು ಕೇಳಿದ್ದು ಇವರೇ. ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಮಾಡಿದರು, ವಿಧಾನ ಪರಿಷತ್ತಿನಲ್ಲೂ ಕೂತರು.

ಗೊಂದಲಕ್ಕೆ ಒಂದು ಕಾರಣವೂ ಇದೆ. ಕವಿಯೂ ಸಿನಿಮಾಕ್ಕೆ ಹಾಡು ಬರೆದಿದ್ದಾರೆ. 'ಆ ಬೆಟ್ಟದಲ್ಲಿ ಬೆಳದಿಂಗಳಲ್ಲಿ' ಅವರದ್ದೇ. ಆದರೆ 'ಬಂಗಾರದ ಮನುಷ್ಯ'ಕ್ಕೂ ಅವರಿಗೂ ಸಂಬಂಧವಿಲ್ಲ. ಆ ಸಿನಿಮಾ ಬಂದಾಗ ಅವರಿಗಿನ್ನೂ ಹದಿನೆಂಟರ ಆಸುಪಾಸು.

ಕವಿ ತೀರಿಕೊಂಡದ್ದು 2021ರ ಜೂನ್ 11ರಂದು, ಕೋವಿಡ್‌ನಿಂದ. ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದವರಿಗೂ ಇದನ್ನು ತಿಳಿಸಿ.