ಆರು ವರ್ಷಕ್ಕೇ ಅಲ್ಪವಿರಾಮದ ಪಾಠ ಬೇಕೇ?

ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಲೇಖನ ಚಿಹ್ನೆಗಳನ್ನೂ ವಾಕ್ಯದ ಬಗೆಗಳನ್ನೂ ಪಾಠ ಮಾಡಿ ಹೇಳಿಕೊಡಬೇಕೇ? ಅಥವಾ ಓದುತ್ತ ಬರೆಯುತ್ತ ತಾವಾಗಿ ಬರಲಿ ಎಂದು ಕಾಯಬೇಕೇ? ಎಳೆಯ ಮಕ್ಕಳ ಜೊತೆ ದಿನ ಕಳೆಯುವ ಇಬ್ಬರ ಎರಡು ಮಾತು ಇಲ್ಲಿವೆ.

ಪರ: ಚುಕ್ಕೆಯನ್ನೂ ಅಕ್ಷರದ ಜೊತೆಗೇ ಕಲಿಸಿ

‘ಮನೆಗೆ ಬಂದ ಮಗು ನಗುತ್ತಿತ್ತು.’ ಮನೆಗೆ ಬಂದದ್ದು ಮಗು. ಈಗ ನಡುವೆ ಒಂದು ಚುಕ್ಕೆ ಇಡೋಣ. ‘ಮನೆಗೆ ಬಂದ. ಮಗು ನಗುತ್ತಿತ್ತು.’ ಬಂದವನು ಬೇರೆ ಯಾರೋ ಆಗಿಬಿಟ್ಟ, ಮಗು ಮೊದಲೇ ಮನೆಯೊಳಗಿತ್ತು. ಅಕ್ಷರ ಒಂದೂ ಅತ್ತಿತ್ತ ಆಗಿಲ್ಲ. ಈ ಎರಡು ಸಾಲನ್ನು ಎರಡನೇ ತರಗತಿಯ ಕರಿಹಲಗೆಯ ಮೇಲೆ ಬರೆದಾಗಲೆಲ್ಲ ಮಕ್ಕಳು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಹಾಗಾದ್ರೆ ಬಂದೋರು ಯಾರು ಮಿಸ್?’ ಆ ಪ್ರಶ್ನೆಗಾಗಿಯೇ ನಾನು ಈ ಪಾಠ ಮಾಡುವುದು. ‘ಬಂದ’ ಎಂಬುದು ಕ್ರಿಯಾಪದವೂ ಹೌದು, ಕೃದಂತವೂ ಹೌದು ಎಂಬ ಮಾತನ್ನು ಅವರಿಗೆ ಹೇಳಬೇಕಾಗಿಲ್ಲ. ಚುಕ್ಕೆ ಇದ್ದರೆ ಒಂದು ಕಥೆ, ಇಲ್ಲದಿದ್ದರೆ ಇನ್ನೊಂದು ಕಥೆ ಎಂಬುದು ತಿಳಿದರೆ ಸಾಕು.

ಮಾತಾಡುವಾಗ ನಮಗೆ ದನಿ ಇರುತ್ತದೆ, ಕಣ್ಣು ಹುಬ್ಬು ಇರುತ್ತವೆ. ‘ಎಷ್ಟು ಚೆನ್ನಾಗಿದೆ’ ಎಂದು ಬರೆದಿಟ್ಟರೆ ಬರೆದವರು ಬೆರಗಾದರೋ, ಲೆಕ್ಕ ಕೇಳುತ್ತಿದ್ದಾರೋ ಹಾಳೆ ಹೇಳುವುದಿಲ್ಲ. ‘ಅವನು ಬಂದ’ ಎಂಬುದರ ಮುಂದೆ ಚುಕ್ಕೆ ಇಟ್ಟರೆ ಸುದ್ದಿ, ಪ್ರಶ್ನಾರ್ಥಕ ಇಟ್ಟರೆ ಅನುಮಾನ, ಭಾವಸೂಚಕ ಇಟ್ಟರೆ ಸಂಭ್ರಮವೋ ಭಯವೋ. ಗಂಟಲು ಮಾಡುವ ಕೆಲಸವನ್ನು ಹಾಳೆಯ ಮೇಲೆ ಮಾಡುವುದು ಈ ಗುರುತುಗಳೇ. ಅವನ್ನು ತಡವಾಗಿ ಕೊಡುವುದೆಂದರೆ ಮಗು ಅಷ್ಟು ವರ್ಷ ಒಂದೇ ದನಿಯಲ್ಲಿ ಬರೆಯಲಿ ಎಂದಂತೆ.

ಕನ್ನಡಕ್ಕೆ ಈ ಗುರುತುಗಳೇನೂ ಬೇಕಿಲ್ಲ, ನಮ್ಮ ಪ್ರತ್ಯಯಗಳೇ ಎಲ್ಲವನ್ನೂ ಹೇಳುತ್ತವೆ ಎಂಬ ವಾದವನ್ನು ಕೇಳಿದ್ದೇನೆ. ಅರ್ಧ ನಿಜ. ಯಾರೋ ಆಡಿದ ಮಾತು ಎಲ್ಲಿ ಮುಗಿಯಿತು ಎಂಬುದನ್ನು ‘ಎಂದು’, ‘ಅಂತ’, ‘ಎಂದ’ ಹೇಳುತ್ತವೆ. ಎಲ್ಲಿ ಶುರುವಾಯಿತು ಎಂಬುದನ್ನು? ‘ಅಣ್ಣ ನಾನು ಬರುವುದಿಲ್ಲ ಎಂದ.’ ಅಣ್ಣನೇ “ನಾನು ಬರುವುದಿಲ್ಲ” ಎಂದನೇ, ಇಲ್ಲ ತಮ್ಮ “ಅಣ್ಣ, ನಾನು ಬರುವುದಿಲ್ಲ” ಎಂದನೇ? ಬಾರದೆ ಉಳಿಯುವವರು ಇಬ್ಬರು ಬೇರೆ ಬೇರೆ ಜನ. ಕನ್ನಡದ ವ್ಯಾಕರಣ ಮಾತಿನ ಬಾಗಿಲನ್ನು ಮುಚ್ಚುತ್ತದೆ, ತೆರೆಯುವ ಗುರುತನ್ನು ಮಾತ್ರ ಕೊಡುವುದಿಲ್ಲ. ಆ ಕೆಲಸ ಉದ್ಧರಣ ಚಿಹ್ನೆಯದು. ಕರೆಯುವ ಹೆಸರಿನ ಮುಂದಿನ ಅಲ್ಪವಿರಾಮವೂ ಹೀಗೆಯೇ. ‘ಸೀತಾ ಅಕ್ಕ ಬಂದಳು’ ಎಂದರೆ ಬಂದವಳೇ ಸೀತಾ. ‘ಸೀತಾ, ಅಕ್ಕ ಬಂದಳು’ ಎಂದರೆ ಸೀತಾ ಸುದ್ದಿ ಕೇಳಿಸಿಕೊಳ್ಳುತ್ತಿರುವ ತಂಗಿ. ಇದನ್ನು ಇಬ್ಬರು ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸಿ ಆಡಿಸಿದರೆ ಐದು ನಿಮಿಷ ಸಾಕು, ಯಾರೂ ಮರೆಯುವುದಿಲ್ಲ.

ಇವು ಪಂಡಿತರಿಗಾಗಿ ಹುಟ್ಟಿದ ಗುರುತುಗಳಲ್ಲ. ಕ್ರಿಸ್ತಪೂರ್ವ 200ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಬೈಜಾಂಟಿಯಮ್ಮಿನ ಅರಿಸ್ಟೋಫನೀಸ್ ಸಾಲಿನಲ್ಲಿ ಮೂರು ಎತ್ತರಕ್ಕೆ ಚುಕ್ಕೆ ಇಡುವ ಪದ್ಧತಿ ತಂದದ್ದು, ಗಟ್ಟಿಯಾಗಿ ಓದುವವರಿಗೆ ಎಲ್ಲಿ ಎಷ್ಟು ನಿಲ್ಲಬೇಕು ಎಂದು ಗೊತ್ತಾಗಲಿ ಅಂತ. 1754ರಲ್ಲಿ ಸ್ಪ್ಯಾನಿಷ್ ಅಕಾಡೆಮಿ ಪ್ರಶ್ನೆಯ ಆರಂಭಕ್ಕೂ ತಲೆಕೆಳಗಾದ ಒಂದು ಚಿಹ್ನೆ ಬೇಕು ಎಂದದ್ದೂ ಓದುವವರ ದನಿ ಮೊದಲೇ ಸಿದ್ಧವಾಗಲಿ ಎಂದೇ. ನಮ್ಮ ಓಲೆಗರಿಗಳಲ್ಲಿ ಪದಗಳ ನಡುವೆ ತೆರಪೂ ಇರುತ್ತಿರಲಿಲ್ಲ. ಪದ್ಯ ಮುಗಿದಲ್ಲಿ ಒಂದೋ ಎರಡೋ ದಂಡ ಬಿದ್ದಿದ್ದರೆ ಅದೇ ಹೆಚ್ಚು. ಅದನ್ನು ಬಿಡಿಸಿ ಓದಲು ಛಂದಸ್ಸು ಬಾಯಲ್ಲಿರಬೇಕಿತ್ತು. ಈಗ ನಾವು ಬಳಸುವ ಚುಕ್ಕೆ, ಕೊಕ್ಕೆಗಳು ಕನ್ನಡದಲ್ಲಿ ನೆಲೆಯೂರಿದ್ದು 19ನೇ ಶತಮಾನದಲ್ಲಿ, ಅಚ್ಚುಮೊಳೆಯ ಜೊತೆ. ಅಂದರೆ ಓದು ಕೆಲವರ ಕೈಯಿಂದ ಎಲ್ಲರ ಕೈಗೆ ಬಂದ ಕಾಲದಲ್ಲಿ. ಬೆರಳಿಟ್ಟು ಗಟ್ಟಿಯಾಗಿ ಓದುವವರಿಗೆಂದೇ ಮಾಡಿದ ಸಲಕರಣೆಯನ್ನು ಇವತ್ತು ಬೆರಳಿಟ್ಟು ಗಟ್ಟಿಯಾಗಿ ಓದುವ ಮಗುವಿನಿಂದಲೇ ಬಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ವಾಕ್ಯದ ಬಗೆಗಳ ಬಗ್ಗೆ ನನ್ನ ಮಾತು ಚಿಕ್ಕದು. ‘ಬಾಗಿಲು ಮುಚ್ಚಿದೆ.’ ‘ಬಾಗಿಲು ಮುಚ್ಚಿದೆಯಾ?’ ‘ಬಾಗಿಲು ಮುಚ್ಚು.’ ‘ಅಯ್ಯೋ, ಬಾಗಿಲು ಮುಚ್ಚಿಬಿಟ್ಟಿತು!’ ಹೇಳುವುದು, ಕೇಳುವುದು, ಮಾಡು ಎನ್ನುವುದು, ಉದ್ಗರಿಸುವುದು: ಈ ನಾಲ್ಕು ಹೆಸರು ಗೊತ್ತಿದ್ದರೆ, ‘ಆಮೇಲೆ, ಆಮೇಲೆ’ ಎಂದು ಪುಟ ತುಂಬಿಸುವ ಮಗುವಿಗೆ ‘ಇಲ್ಲೊಂದು ಕೇಳುವ ವಾಕ್ಯ ಹಾಕಿ ನೋಡು’ ಎನ್ನಬಹುದು. ಹೆಸರೇ ಇಲ್ಲದಿದ್ದರೆ ಯಾವುದನ್ನು ಹಾಕು ಎನ್ನಲಿ? ನಾನೇನೂ ಅರ್ಧವಿರಾಮ, ಆವರಣ ಚಿಹ್ನೆಗಳವರೆಗೆ ಹೋಗಿ ಎನ್ನುತ್ತಿಲ್ಲ. ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ದೊಡ್ಡ ತರಗತಿಗೆ ಇರಲಿ.

ತಾವಾಗಿ ಬರಲಿ ಎನ್ನುವವರಿಗೆ ನನ್ನದೊಂದು ಕೇಳಿಕೆ ಇದೆ. ಅದು ತಾನಾಗಿ ಬರುವುದು ಯಾರಿಗೆ? ರಾತ್ರಿ ಮಲಗುವ ಮುಂಚೆ ಯಾರೋ ಪಕ್ಕದಲ್ಲಿ ಕೂತು ಪುಸ್ತಕ ಓದಿ ಹೇಳುವ ಮಗುವಿಗೆ. ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವೇ ಇಲ್ಲದ ಮಗುವಿಗೆ ನಾನು ಹೇಳಿಕೊಡದಿದ್ದರೆ ಇನ್ನಾರು ಹೇಳಿಕೊಡುತ್ತಾರೆ? ನಾನು ಬಾಯಿ ಬಿಟ್ಟು ಹೇಳುವುದು, ಬೋರ್ಡಿನ ಮೇಲೆ ತೋರಿಸುವುದು ಆ ಮಗುವಿಗೋಸ್ಕರ.

ವಿರೋಧ: ಹೇಳುವ ಮಾತು ಮೊದಲು ಇರಲಿ

ಮೇಲಿನ ಉದಾಹರಣೆಗಳು ಒಂದೂ ಸುಳ್ಳಲ್ಲ. ‘ಬಂದ’ದ ಚುಕ್ಕೆಯನ್ನು ನಾನೂ ಮೆಚ್ಚಿದೆ. ಆದರೆ ಅವೆಲ್ಲ ದೊಡ್ಡವರು ಹುಡುಕಿ ತಂದ ಸಾಲುಗಳು. ಆರು ವರ್ಷದ ಮಗುವಿನ ಕಷ್ಟ ಇರುವ ಜಾಗವೇ ಬೇರೆ.

ಪಾಠ ಶುರುವಾಗುವುದು ‘ವಾಕ್ಯದ ಕೊನೆಗೆ ಪೂರ್ಣವಿರಾಮ ಇಡಬೇಕು’ ಎಂಬ ನಿಯಮದಿಂದ. ವಾಕ್ಯ ಎಂದರೇನು? ‘ಪೂರ್ಣ ಅರ್ಥ ಕೊಡುವ ಪದಗಳ ಗುಂಪು.’ ಪೂರ್ಣ ಅರ್ಥ ಎಂದರೇನು? ಭಾಷಾವಿಜ್ಞಾನಿಗಳೇ ಇನ್ನೂ ಒಮ್ಮತಕ್ಕೆ ಬಾರದ ವಿಷಯ ಇದು. ಮಗುವಿಗೆ ಇಡೀ ಕಥೆ ಮುಗಿದಾಗ ಅರ್ಥ ಪೂರ್ಣವಾಗುತ್ತದೆ, ಹಾಗಾಗಿ ಅದು ಪುಟದ ಕೊನೆಗೆ ಒಂದೇ ಒಂದು ಚುಕ್ಕೆ ಇಡುತ್ತದೆ. ಇನ್ನೂ ಕೆಲವರು ಪ್ರತಿ ಸಾಲಿನ ತುದಿಗೂ ಇಡುತ್ತಾರೆ. ನನ್ನ ಮಗಳು ಬರೆದಿದ್ದಳು: ‘ಅಜ್ಜಿ ನನಗೆ ಒಂದು.’ ಕೆಳಗಿನ ಸಾಲಿನಲ್ಲಿ, ‘ಕಥೆ ಹೇಳಿದರು.’ ಮಕ್ಕಳು ಚಿಹ್ನೆ ಕಲಿಯುವ ಬಗೆಯನ್ನು ವರ್ಷಗಟ್ಟಲೆ ನೋಡಿದ ಇಂಗ್ಲೆಂಡಿನ ನೈಜೆಲ್ ಹಾಲ್ ಇದನ್ನೇ ಗುರುತಿಸಿದ್ದರು. ಎಳೆಯರ ಕಣ್ಣಿಗೆ ಚುಕ್ಕೆ ಅರ್ಥದ ಗುರುತಾಗಿ ಕಾಣುವುದಿಲ್ಲ, ಜಾಗದ ಗುರುತಾಗಿ ಕಾಣುತ್ತದೆ. ಕೊನೆಗೆ ಇಡು ಎಂದರು, ಸಾಲಿನ ಕೊನೆಗೆ ಇಟ್ಟಳು. ನಿಯಮವನ್ನು ಅವಳು ಮೀರಿರಲಿಲ್ಲ. ಕೆಂಪು ಗುರುತು ಮಾತ್ರ ಬಿತ್ತು.

ಪ್ರಶ್ನಾರ್ಥಕ ಚಿಹ್ನೆಯ ಪಾಠದಲ್ಲಿ ಆಗುವುದು ಇದಕ್ಕಿಂತ ಹೆಚ್ಚಿನ ಹಾನಿ. ಮೂರು ವರ್ಷದ ಕೂಸೂ ‘ಎಲ್ಲಿ ಹೋಗ್ತೀಯಾ’ ಎಂದು ಸರಿಯಾಗಿಯೇ ಕೇಳುತ್ತದೆ. ‘ಬಂದನೇ’, ‘ಬಂದನಾ’ ಎಂಬಲ್ಲಿ ಪ್ರಶ್ನೆ ಪದದ ಬಾಲದಲ್ಲೇ ಇದೆ. ಪಾಠ ಬಂದಾಗ ಮಗುವಿಗೆ ಸಿಗುವ ಸುಲಭ ಸೂತ್ರವೆಂದರೆ ‘ಯಾರು, ಏನು, ಎಲ್ಲಿ, ಯಾವಾಗ ಬಂದರೆ ಕೊಕ್ಕೆ ಹಾಕು’. ಆಮೇಲೆ ನೋಡಿ: ‘ಅವನು ಎಲ್ಲಿಗೆ ಹೋದನೋ ಗೊತ್ತಿಲ್ಲ?’ ‘ಯಾರು ಬಂದರೂ ಬಾಗಿಲು ತೆಗೆಯಬೇಡ?’ ಮಾತಾಡುವಾಗ ಎಂದೂ ತಪ್ಪದಿದ್ದ ಮಗು ಪಾಠ ಕಲಿತ ಮೇಲೆ ತಪ್ಪಿತು. ತನ್ನ ಕಿವಿಯನ್ನು ಬಿಟ್ಟು ಸೂತ್ರವನ್ನು ನಂಬಿತು. ನನ್ನನ್ನು ನಿಜವಾಗಿ ಕಾಡುವುದು ಇದು.

ವಾಕ್ಯದ ಬಗೆಗಳಲ್ಲೂ ಅಷ್ಟೇ. ‘ಸ್ವಲ್ಪ ಆ ಕಡೆ ಸರೀತೀಯಾ?’ ಇದು ಯಾವ ವಾಕ್ಯ? ಆಜ್ಞೆ ಎಂದ ಮಗುವಿಗೆ ಮನುಷ್ಯರ ಮಾತು ಚೆನ್ನಾಗಿ ಅರ್ಥವಾಗಿದೆ. ಉತ್ತರಪತ್ರಿಕೆಯಲ್ಲಿ ಸೊನ್ನೆ. ‘ಎಷ್ಟು ಸಲ ಹೇಳಬೇಕು ನಿನಗೆ?’ ಎಂದು ಗದರಿದಾಗ ‘ಏಳು ಸಲ’ ಎಂದು ಯಾವ ಮಗುವೂ ಉತ್ತರ ಕೊಡುವುದಿಲ್ಲ, ಅದು ಪ್ರಶ್ನೆ ಅಲ್ಲ ಎಂದು ಎಲ್ಲ ಮಕ್ಕಳಿಗೂ ಗೊತ್ತು. ಹಾಳೆಯ ಮೇಲೆ ಮಾತ್ರ ಅದನ್ನು ಪ್ರಶ್ನಾರ್ಥಕ ಎಂದೇ ಬರೆಯಬೇಕು.

ಈ ದಾರಿಯಲ್ಲಿ ಬಹಳ ದೂರ ಹೋದ ದೇಶ ಒಂದಿದೆ. ಇಂಗ್ಲೆಂಡಿನಲ್ಲಿ 2014ರಿಂದ ಜಾರಿಗೆ ಬಂದ ಪಠ್ಯಕ್ರಮದಂತೆ 6-7 ವರ್ಷದ ಮಕ್ಕಳು ಹೇಳಿಕೆ, ಪ್ರಶ್ನೆ, ಉದ್ಗಾರ, ಆಜ್ಞೆ ಎಂಬ ನಾಲ್ಕನ್ನೂ ಕಲಿಯಬೇಕು. 2016ರ ಮೌಲ್ಯಮಾಪನಕ್ಕೆ ಅಲ್ಲಿನ ಶಿಕ್ಷಣ ಇಲಾಖೆ ಕೊಟ್ಟ ವಿವರಣೆ ಏನು ಗೊತ್ತೇ? ಉದ್ಗಾರ ವಾಕ್ಯ ‘ವಾಟ್’ ಅಥವಾ ‘ಹೌ’ ಎಂದೇ ಶುರುವಾಗಬೇಕು, ಅದರಲ್ಲಿ ಕ್ರಿಯಾಪದ ಇರಲೇಬೇಕು. ‘ಅಯ್ಯೋ, ಹಾವು!’ ಎಂದು ಬರೆದ ಮಗು ಎಷ್ಟೇ ಹೆದರಿದ್ದರೂ ಲೆಕ್ಕಕ್ಕಿಲ್ಲ. ಅಳೆಯಬೇಕು ಎಂದು ಹೊರಟರೆ ಇಂಥ ಗೆರೆಗಳನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕಾಗುತ್ತದೆ.

ಅದೇ ವಯಸ್ಸಿನ ಸುಮಾರು 1,700 ಮಕ್ಕಳನ್ನು ಸೇರಿಸಿಕೊಂಡು ಅಲ್ಲಿ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು. ವ್ಯಾಕರಣದ ವಿಶೇಷ ಪಾಠಗಳಿಂದ ಮಕ್ಕಳ ಕಥೆ ಬರೆಯುವ ಶಕ್ತಿ ಸುಧಾರಿಸಲಿಲ್ಲ. ಬಿಡಿ ವಾಕ್ಯಗಳನ್ನು ಕಟ್ಟುವುದರಲ್ಲಿ ಒಂದಿಷ್ಟು ಭರವಸೆ ಕಂಡಿತು ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ. ಇದಕ್ಕೂ ಹಳೆಯದು, ನನ್ನ ಮನಸ್ಸಿಗೆ ಹತ್ತಿರವಾದದ್ದು, 1980ರಲ್ಲಿ ಅಮೆರಿಕದ ಲೂಸಿ ಕಾಲ್ಕಿನ್ಸ್ ಬರೆದದ್ದು. ಅವರು ನೋಡಿದ್ದು ಮೂರನೇ ತರಗತಿಯ ಎರಡು ಕೋಣೆಗಳನ್ನು. ಒಂದರಲ್ಲಿ ಚಿಹ್ನೆಗಳ ಪಾಠ, ಅಭ್ಯಾಸ, ಪರೀಕ್ಷೆ. ಇನ್ನೊಂದರಲ್ಲಿ ಮಕ್ಕಳು ದಿನಾ ತಮಗೆ ಬೇಕಾದ್ದನ್ನು ಬರೆಯುತ್ತಿದ್ದರು, ಚಿಹ್ನೆ ಬೇಕಾದಾಗ ಕೇಳಿ ತಿಳಿಯುತ್ತಿದ್ದರು. ವರ್ಷದ ಕೊನೆಗೆ ಎಷ್ಟು ಬಗೆಯ ಚಿಹ್ನೆಗಳ ಕೆಲಸವನ್ನು ವಿವರಿಸಬಲ್ಲಿರಿ ಎಂದು ಕೇಳಿದರೆ, ಪಾಠ ಕೇಳಿದವರ ಸರಾಸರಿ ನಾಲ್ಕನ್ನೂ ಮುಟ್ಟಲಿಲ್ಲ, ಬರೆಯುತ್ತಿದ್ದವರದು ಎಂಟನ್ನು ದಾಟಿತು. ಎರಡೇ ಕೋಣೆಗಳ ಕಥೆ, ಜಗತ್ತಿನ ಕಥೆಯಲ್ಲ. ಆದರೂ ಬೇಕಾಗಿ ಎತ್ತಿಕೊಂಡದ್ದು ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ನಾನು ಮನೆಯಲ್ಲೇ ಕಂಡಿದ್ದೇನೆ.

ಪುಸ್ತಕವಿಲ್ಲದ ಮನೆಯ ಮಗುವಿನ ಮಾತಿಗೆ ಬರುತ್ತೇನೆ, ಅದು ತಳ್ಳಿಹಾಕುವ ಮಾತಲ್ಲ. ಆದರೆ ಆ ಮಗುವಿಗೆ ಕೊರತೆಯಾಗಿರುವುದು ಏನು? ಪಕ್ಕದಲ್ಲಿ ಕೂತು ಓದಿ ಹೇಳುವ ದನಿ. ಅದರ ಬದಲು ನಾವು ‘ಸೂಕ್ತ ಚಿಹ್ನೆ ಹಾಕಿ’ ಎಂಬ ಹಾಳೆ ಕೊಡುತ್ತೇವೆ. ಓದು ಸಿಕ್ಕ ಮಗುವಿಗೆ ಕಥೆಯೂ ಸಿಗುತ್ತದೆ, ಚಿಹ್ನೆಯೂ ಸಿಗುತ್ತದೆ. ಹಾಳೆ ಸಿಕ್ಕ ಮಗುವಿಗೆ ಎರಡೂ ಇಲ್ಲ. ಚಿಹ್ನೆಯ ಪಾಠಕ್ಕೆ ಇಟ್ಟ ಆ ಅರ್ಧ ಗಂಟೆಯಲ್ಲಿ ಇಡೀ ತರಗತಿಗೆ ಒಂದು ಕಥೆ ಗಟ್ಟಿಯಾಗಿ ಓದಿ, ಎಲ್ಲರ ಕಣ್ಣಿಗೂ ಪುಟ ಕಾಣುವ ಹಾಗೆ ಹಿಡಿದು, ನಿಲ್ಲಬೇಕಾದಲ್ಲಿ ನಿಂತು. ನಾನು ಕೇಳುವುದು ಇಷ್ಟೇ.

ಬರೆಯಲು ಇನ್ನೂ ಕೈ ಓಡದ ಮಕ್ಕಳಿಗೆ ನಾನು ಮಾಡುವುದು ಹೀಗೆ. ಅವರು ಹೇಳುತ್ತಾರೆ, ನಾನು ಒಂದೂ ಚಿಹ್ನೆ ಇಡದೆ ಬರೆದುಕೊಳ್ಳುತ್ತೇನೆ. ಆಮೇಲೆ ಬರೆದದ್ದನ್ನು ಬರೆದ ಹಾಗೆಯೇ, ಒಂದೇ ಉಸಿರಿಗೆ ಓದುತ್ತೇನೆ. ಮೊನ್ನೆ ಮಗಳು ಕಾಡಿನಲ್ಲಿ ದಾರಿ ತಪ್ಪಿದ ನಾಯಿಮರಿಯ ಕಥೆ ಹೇಳಿದಳು. ನಾನು ಓದಿದೆ: ‘ಕತ್ತಲಾಯಿತು ಮರಿ ಅಮ್ಮನನ್ನು ಕರೆಯಿತು ಯಾರೂ ಬರಲಿಲ್ಲ ಮರಿ ಮಲಗಿತು.’ ಅವಳ ಮುಖ ಬಾಡಿತು. ‘ಹಾಗಲ್ಲಮ್ಮ, ನೀನು ಓಡ್ತಾ ಇದ್ದೀಯ. ಅಲ್ಲಿ ಸುಮ್ನಿರಬೇಕು.’ ಎಲ್ಲಿ ಎಂದೆ. ‘ಬರಲಿಲ್ಲ’ದ ಮುಂದೆ ಬೆರಳಿಟ್ಟಳು. ಸುಮ್ಮನಿರು ಎನ್ನುವುದಕ್ಕೆ ಒಂದು ಗುರುತಿದೆ ಎಂದು ಚುಕ್ಕೆ ತೋರಿಸಿ ಪೆನ್ಸಿಲ್ ಕೈಗೆ ಕೊಟ್ಟೆ. ಅವಳು ಒತ್ತಿ ಒತ್ತಿ ಅಲ್ಲಿ ಮೂರು ಚುಕ್ಕೆ ಇಟ್ಟಳು. ಮೂರು ಯಾಕೆ ಎಂದು ಕೇಳಿದೆ.

‘ಮರಿ ತುಂಬಾ ಹೊತ್ತು ಕಾದಿತ್ತಲ್ಲ’ ಎಂದಳು.